ಹಲ್ಲು ಬೆಳ್ಳಗಾಗಬೇಕು ಅಂದ್ರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮದುವೆಗೆ ಹದಿನೈದು ದಿನ ಇರುವಾಗ ಒಬ್ಬ ಹುಡುಗಿ ಅಮ್ಮನ ಜೊತೆ ಮೈಸೂರಿನ ನಮ್ಮ ಕ್ಲಿನಿಕ್‌ಗೆ ಬಂದಳು. "ಡಾಕ್ಟ್ರೇ, ಫೋಟೋದಲ್ಲಿ ಹಲ್ಲು ಹಳದಿ ಕಾಣುತ್ತೆ, ಬ್ಲೀಚ್ ಮಾಡಿಬಿಡಿ" ಅಂದಳು. ಬಾಯಿ ತೆರೆಸಿ ನೋಡಿದೆ. ಮುಂದಿನ ಹಲ್ಲುಗಳಲ್ಲಿ ಹೊಳಪೇ ಇರಲಿಲ್ಲ, ಸುಣ್ಣ ಬಳಿದ ಗೋಡೆಯ ಹಾಗೆ ಮಂಕಾಗಿದ್ದವು. ಸ್ವಲ್ಪ ಗಾಳಿ ಬಿಟ್ಟೆ, ಜುಮ್ ಅಂತ ಭುಜ ಕುಗ್ಗಿಸಿದಳು. ವಿಚಾರಿಸಿದರೆ, ಒಂದು ತಿಂಗಳಿಂದ ದಿನಾ ನಿಂಬೆರಸಕ್ಕೆ ಅಡುಗೆ ಸೋಡಾ ಕಲಸಿ ಉಜ್ಜಿದ್ದಾಳೆ.

ನನಗೆ ತುಂಬಾ ಬೇಜಾರಾಯಿತು. ಯಾಕೆ ಅಂದರೆ, ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮಲ್. ಅದರ ಒಳಗಿರುವ ಡೆಂಟಿನ್ ಹುಟ್ಟಾ ಹಳದಿ. ಉಜ್ಜಿ ಉಜ್ಜಿ ಮೇಲಿನದು ತೆಳುವಾದಷ್ಟೂ ಒಳಗಿನ ಹಳದಿ ಎದ್ದು ಕಾಣುತ್ತದೆ. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಇದ್ದಿಲು, ಬೂದಿ, ಇಟ್ಟಿಗೆ ಪುಡಿ, ಎಲ್ಲದರದ್ದೂ ಇದೇ ಕಥೆ.

ಕಾಫಿ, ಎಲೆ ಅಡಿಕೆ, ಬೀಡಿಯ ಕಲೆ ಹೆಚ್ಚಾಗಿ ಹಲ್ಲಿನ ಮೇಲೆಯೇ ಕೂತಿರುತ್ತದೆ. ಅದಕ್ಕೆ ಕ್ಲೀನಿಂಗ್ ಸಾಕು. ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತೆ ಅಂತ ಹೆದರುವವರು ಇನ್ನೂ ಇದ್ದಾರೆ. ಅಲ್ಲಾಡಿಸುವುದು ಕ್ಲೀನಿಂಗ್ ಅಲ್ಲ, ವರ್ಷಗಟ್ಟಲೆ ವಸಡಿನ ಹತ್ತಿರ ಕಟ್ಟಿದ ಪಾಚಿ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಆದ ಮಚ್ಚೆಗಳ ವಿಚಾರ ಬೇರೆ. ಬರೀ ಬ್ಲೀಚ್ ಮಾಡಿದರೆ ಬಿಳಿ ಮಚ್ಚೆ ಇನ್ನೂ ಎದ್ದು ಕಾಣಬಹುದು.

ಇನ್ನು ಬ್ಲೀಚಿಂಗ್. ಮೊದಲು ಹುಳುಕು, ವಸಡು ನೋಡುತ್ತೇವೆ. ಬಣ್ಣದ ಪಟ್ಟಿಯನ್ನು ಹಲ್ಲಿನ ಪಕ್ಕ ಹಿಡಿದು ಈಗಿನ ಬಣ್ಣ ಬರೆದುಕೊಳ್ಳುತ್ತೇವೆ. ವಸಡು ಸುಡದ ಹಾಗೆ ಅದರ ಮೇಲೆ ಒಂದು ಲೇಪ ಹಾಕಿ ಗಟ್ಟಿ ಮಾಡುತ್ತೇವೆ. ಆಮೇಲೆ ಜೆಲ್. ಅದರಲ್ಲಿ ಸಾಮಾನ್ಯವಾಗಿ ಶೇಕಡಾ 25ರಿಂದ 40ರಷ್ಟು ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ. ಅದು ಎನಾಮಲ್ ಒಳಗೆ ಇಳಿದು ಕಲೆಯ ಬಣ್ಣವನ್ನು ಒಡೆಯುತ್ತದೆ, ಹಲ್ಲನ್ನು ಕೆರೆಯುವುದಿಲ್ಲ. ಸುಮಾರು ಒಂದು ಗಂಟೆಯ ಕೆಲಸ. ಒಂದೆರಡು ದಿನ ಹಲ್ಲು ಜುಮ್ ಅನ್ನಬಹುದು. ಆ ಎರಡು ದಿನ ಕಾಫಿ, ಅರಿಶಿನ ಜಾಸ್ತಿ ಇರುವ ಸಾರು ಬೇಡ.

ಆತುರ ಇಲ್ಲದವರಿಗೆ ನಾನು ಹೇಳುವುದು ಇನ್ನೊಂದು ದಾರಿ. ನಿಮ್ಮ ಹಲ್ಲಿನ ಅಚ್ಚಿಗೆ ಸರಿಯಾದ ತೆಳು ಟ್ರೇ, ಅದರೊಳಗೆ ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್ ಅನ್ನುವ ಸೌಮ್ಯವಾದ ಬ್ಲೀಚ್ ಜೆಲ್. ರಾತ್ರಿ ಹಾಕಿಕೊಂಡು ಮಲಗುವುದು, ಎರಡು ವಾರ. ನಿಧಾನ, ಆದರೆ ಹಲ್ಲಿಗೆ ಹಿತ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮಾತ್ರ ಸ್ವಲ್ಪ ಕಾಯಬೇಕು.

ಆ ಹುಡುಗಿಗೆ ಮದುವೆಗೆ ಮುಂಚೆ ಬ್ಲೀಚ್ ಮಾಡಲೇ ಇಲ್ಲ. ಕ್ಲೀನ್ ಮಾಡಿ, ಜುಮ್ ಅನ್ನುವುದು ಕಡಿಮೆಯಾಗಲಿ ಅಂತ ಹಲ್ಲಿನ ಮೇಲೆ ಫ್ಲೋರೈಡ್ ಔಷಧಿ ಹಚ್ಚಿ ಕಳಿಸಿದೆ. ಅಮ್ಮನಿಗೆ ಸ್ವಲ್ಪ ಅಸಮಾಧಾನ. ಮೂರು ತಿಂಗಳಾದ ಮೇಲೆ ಗಂಡನ ಜೊತೆ ಬಂದಳು, ಜುಮ್ ಅನ್ನುವುದು ನಿಂತಿತ್ತು. ಟ್ರೇ ಕೊಟ್ಟೆ, ಹಲ್ಲು ಚೆನ್ನಾಗಿ ತಿಳಿಯಾಯಿತು. ಮುಂದಿನ ಒಂದು ಹಲ್ಲಿನ ಹಳೇ ಸಿಮೆಂಟ್ ಮಾತ್ರ ಹಳದಿಯಾಗಿಯೇ ಉಳಿಯಿತು. ಸಿಮೆಂಟಿಗೂ ಕ್ಯಾಪಿಗೂ ಬ್ಲೀಚ್ ಹತ್ತುವುದಿಲ್ಲ. ಎರಡು ವಾರ ಬಿಟ್ಟು, ಹೊಸ ಬಣ್ಣಕ್ಕೆ ಹೊಂದುವ ಸಿಮೆಂಟ್ ತುಂಬಿದೆ.