ಬಾತ ಮೊಣಕಾಲಿಗೆ ಔಡಲ ಎಣ್ಣೆ

ಕೇಳುಗರೆ, ಶರಣು ಶರಣಾರ್ಥಿ.

ಬಾದಾಮಿ, ಬಸವನ ಬಾಗೇವಾಡಿ ಕಡೆ ಹೊಲದ ಬದುವಿನಲ್ಲಿ ಔಡಲ ಗಿಡ ನೀವು ನೋಡಿಯೇ ಇರುತ್ತೀರಿ. ಮೊಣಕಾಲು ಬಾತರೆ ಮನೆಯ ಹಿರಿಯರು ಅದರ ಎಲೆ ಕಿತ್ತು ತರುತ್ತಾರೆ. ಎಲೆಗೆ ಔಡಲ ಎಣ್ಣೆ ಸವರಿ, ಕಾದ ಹಂಚಿನ ಮೇಲೆ ಬಾಡಿಸುತ್ತಾರೆ. ಕೈಗೆ ತಡೆಯುವಷ್ಟು ಬಿಸಿ ಇರುವಾಗಲೇ ಮೊಣಕಾಲಿಗೆ ಹಾಕಿ, ಹಳೆ ಧೋತರದ ತುಂಡಿನಿಂದ ಕಟ್ಟುತ್ತಾರೆ. ಒಂದು ರಾತ್ರಿಗೆ ಗುಣ ಕಾಣದಿದ್ದರೆ, ‘ತಡಿ, ವಾರೊಪ್ಪತ್ತು ಕಟ್ಟಬೇಕು’ ಅನ್ನುತ್ತಾರೆ.

ನನಗೆ ಈ ಮದ್ದಿನಲ್ಲಿ ತುಂಬಾ ಹಿಡಿಸಿದ್ದು ಆ ತಾಳ್ಮೆ. ಯಾಕೆ ಅಂತ ಹೇಳುತ್ತೇನೆ.

ಔಡಲ ಎಣ್ಣೆಯಲ್ಲಿ ನೂರಕ್ಕೆ ಸುಮಾರು 90 ಪಾಲು ರಿಸಿನೋಲಿಕ್ ಆಮ್ಲ. 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಆಮ್ಲವನ್ನು ಇಲಿಗಳ ಪಾದಕ್ಕೆ ಹಚ್ಚಿ, ಅಲ್ಲಿ ಬಾವು ಬರಿಸಿ ನೋಡಿದರು. ಒಂದೇ ಸಲ ಹಚ್ಚಿದಾಗ ಬಾವು ಇಳಿಯಲಿಲ್ಲ, ಇನ್ನೂ ಜಾಸ್ತಿ ಆಯಿತು. 8 ದಿನ ಹಚ್ಚಿದ ಇಲಿಗಳಲ್ಲಿ ಮಾತ್ರ ಬಾವು ಕಡಿಮೆ ಇತ್ತು. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಕೂಡ ಹೀಗೇ ನಡೆದುಕೊಳ್ಳುತ್ತದೆ. ನೋವಿನ ನರಗಳ ತುದಿಯಲ್ಲಿ ‘ಸಬ್‌ಸ್ಟನ್ಸ್ ಪಿ’ ಎಂಬ ಪದಾರ್ಥ ಇರುತ್ತದೆ. ನೋವನ್ನೂ ಬಾವನ್ನೂ ಎಬ್ಬಿಸುವುದರಲ್ಲಿ ಅದರ ಕೈವಾಡ ಇದೆ. ರಿಸಿನೋಲಿಕ್ ಆಮ್ಲವನ್ನಾಗಲಿ, ಕ್ಯಾಪ್ಸೈಸಿನ್ ಅನ್ನಾಗಲಿ ದಿನವೂ ಹಚ್ಚುತ್ತಾ ಹೋದರೆ ಆ ಪದಾರ್ಥ ಕಡಿಮೆಯಾಗುತ್ತದೆ. ಔಡಲಕ್ಕೆ ಮೆಣಸಿನಕಾಯಿಯ ಉರಿ ಇಲ್ಲ, ಅಷ್ಟೇ.

ಇಲಿಗೆ ಆದದ್ದೆಲ್ಲ ಮನುಷ್ಯರಿಗೂ ಆಗುತ್ತದೆ ಎನ್ನಲು ಬರುವುದಿಲ್ಲ. ಹಂಚಿನ ಕಾವು, ಮೆಲ್ಲಗೆ ತಿಕ್ಕುವ ಕೈ, ಇವೂ ನೋವು ಕಳೆಯುತ್ತವಲ್ವಾ? ಯಾವುದರ ಗುಣ ಎಷ್ಟು ಎಂದು ಬೇರೆ ಮಾಡಿ ನೋಡಬೇಕು. ಬೆಳಗಾವಿಯಲ್ಲೇ ಐಸಿಎಂಆರ್‌ನ, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ ಇದೆ. ನಾಟಿ ಔಷಧಗಳನ್ನು ಪರೀಕ್ಷೆಗೆ ಹಚ್ಚುವ ಜಾಗ ಅದು. ನಿಮ್ಮೂರಿನ ನಾಟಿ ವೈದ್ಯರಿಗೆ ಈ ಮಾತು ಮುಟ್ಟಿಸಿ. ಅವರು ಕಲಿತದ್ದು ಅವರೊಂದಿಗೇ ಹೋಗಬಾರದು.

ಇನ್ನು, ಎಣ್ಣೆ ಗಿಡದ್ದು ಅಂದಮಾತ್ರಕ್ಕೆ ಅಪಾಯ ಇಲ್ಲ ಅಂದುಕೊಳ್ಳಬೇಡಿ. ನೋವಿನ ಮುಲಾಮಿನಲ್ಲಿ ಘಮ್ಮೆನ್ನುವ ವಿಂಟರ್‌ಗ್ರೀನ್ ಎಣ್ಣೆ ಆಸ್ಪಿರಿನ್ ಬಳಗದ್ದು. ಚರ್ಮಕ್ಕೆ ಹಿತ ನಿಜ. ಆದರೆ ಅದರ ಅಪ್ಪಟ ಎಣ್ಣೆ ಒಂದು ಟೀ ಚಮಚ ಹೊಟ್ಟೆಗೆ ಹೋದರೆ 20ಕ್ಕೂ ಜಾಸ್ತಿ ಆಸ್ಪಿರಿನ್ ಮಾತ್ರೆ ನುಂಗಿದಂತೆ. ಬೇವಿನೆಣ್ಣೆಯನ್ನು ಎಳೆ ಮಕ್ಕಳಿಗೆ ಕುಡಿಸಲೇಬೇಡಿ. ವಾಂತಿ, ಫಿಟ್ಸ್ ಬಂದು ಜೀವಕ್ಕೇ ಕುತ್ತು ಬಂದದ್ದುಂಟು. ಔಡಲದ ಬೀಜವೂ ಮಕ್ಕಳ ಕೈಗೆ ಸಿಗಬಾರದು. ಅದರಲ್ಲಿರುವ ರಿಸಿನ್ ಕಡು ವಿಷ. ಸರಿಯಾಗಿ ತೆಗೆದ ಎಣ್ಣೆಗೆ ಅದು ಬರುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ.

ಮೊಣಕಾಲು ಇದ್ದಕ್ಕಿದ್ದಂತೆ ಬಾತು, ಕೆಂಪಾಗಿ, ಮುಟ್ಟಿದರೆ ಸುಡುತ್ತಿದ್ದು, ಜ್ವರವೂ ಇದ್ದರೆ ಎಣ್ಣೆ, ಎಲೆ ಯಾವುದೂ ಬೇಡ. ಕೀಲಿನೊಳಗೆ ಕೀವು ತುಂಬಿರಬಹುದು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮಸ್ಕಾರ.