ಬೆನ್ನಿಗೆ ಹಬ್ಬ ಯಾವುದು, ಕಸರತ್ತು ಯಾವುದು ಗೊತ್ತಾಗಲ್ಲ

ಎಲ್ಲರಿಗೂ ನಮಸ್ಕಾರ. ಧಾರವಾಡದ ಕರ್ನಾಟಕ ಕಾಲೇಜಿನ, ಅಂದರೆ ನಮ್ಮ ಕೆಸಿಡಿ ಗ್ರೌಂಡಿನಲ್ಲಿ ಓಡಿ ನೇರ ಇಲ್ಲಿಗೇ ಬಂದವರು ಜಾಸ್ತಿ ಇದ್ದೀರಿ. ಹಿಂದಿನಿಂದ ಗಿರಮಿಟ್ಟಿನ ವಾಸನೆಯೂ ಬರ್ತಾ ಇದೆ. ಹಾಗಾಗಿ ಕೊನೆಯಲ್ಲಿ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೂತಿರಲ್ಲ.

ಇವತ್ತಿನ ಮಾತು ನಡುಬೆನ್ನಿನ ನೋವಿನ ಬಗ್ಗೆ. ನಡುಬೆನ್ನು ಅಂದರೆ ನಮ್ಮ ಕಡೆ 'ನಡಾ ಹಿಡದೈತಿ' ಅಂತೀವಲ್ಲ, ಆ ಸೊಂಟ ಅಲ್ಲ. ಕುತ್ತಿಗೆಯ ಬುಡದಿಂದ ಪಕ್ಕೆಲುಬು ಮುಗಿಯುವ ತನಕ. ಅಲ್ಲಿನ ನೋವು ಎಲ್ಲ ಸಲವೂ ಬೆನ್ನಿನದೇ ಆಗಿರಲ್ಲ. ಮೆಟ್ಟಿಲು ಹತ್ತುವಾಗ, ಓಡುವಾಗ ಬೆನ್ನು ನೋವಿನ ಜೊತೆ ಎದೆ ಬಿಗಿದು ಬೆವರು ಬಂದರೆ ನನ್ನ ಹತ್ತಿರ ಬರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ, ಅದು ಹೃದಯ ಇರಬಹುದು. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ದೆಗೆಡಿಸುವ ನೋವು, ಇವು ಕಂಡರೆ ಟಿಬಿ ಪರೀಕ್ಷೆ ಮಾಡಿಸಿ. ಟಿಬಿ ಬರೀ ಎದೆಗೆ ಬರುತ್ತದೆ ಅಂದುಕೊಂಡಿದ್ದೀರಿ ಅಲ್ವಾ? ಬೆನ್ನೆಲುಬಿಗೂ ಬರುತ್ತದೆ, ಹೆಚ್ಚಾಗಿ ನಡುಬೆನ್ನಿನ ಕೆಳಭಾಗಕ್ಕೇ. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಒಂದೇ ಪಕ್ಕದಲ್ಲಿ ಪಟ್ಟಿ ಕಟ್ಟಿದ ಹಾಗೆ ಉರಿಯುತ್ತಿದ್ದರೆ ಚರ್ಮ ನೋಡಿಕೊಳ್ಳಿ, ಸರ್ಪಸುತ್ತು ಇರಬಹುದು. ಗುಳ್ಳೆ ಎದ್ದ 3 ದಿನದೊಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ಮನೆಯಲ್ಲಿ ವಯಸ್ಸಾದ ತಾಯಿ ಕೊಡ ಎತ್ತಿದಾಗ ಬೆನ್ನಲ್ಲಿ ಚಳಕ್ ಅಂದರೆ 'ವಾಯು' ಅಂತ ಎಣ್ಣೆ ಹಚ್ಚಿ ಸುಮ್ನಿರಬೇಡಿ, ಎಲುಬು ಕುಸಿದಿರಬಹುದು.

ಹೆದರಿಸಿದ್ದು ಸಾಕು. ನಿಮ್ಮಂಥ ಓಡಾಡುವವರಲ್ಲಿ ಬಹಳ ಮಂದಿಯ ನೋವು ಇವು ಯಾವೂ ಅಲ್ಲ. ಅವರಿಗೆಲ್ಲ ನನ್ನದು ಒಂದೇ ಪ್ರಶ್ನೆ: ಕಳೆದ ಮೂರು ವಾರದಲ್ಲಿ ಹೊಸದೇನು ಶುರು ಮಾಡಿದಿರಿ?

ಒಮ್ಮೆ ಹುಬ್ಬಳ್ಳಿಯ ಪಿ.ಟಿ. ಮಾಸ್ತರರೊಬ್ಬರು ಬಂದಿದ್ದರು. ಇಪ್ಪತ್ತು ವರ್ಷದಿಂದ ದಿನಾ ಓಡುವವರು. ಕೈಯಲ್ಲಿ ಇಷ್ಟು ದಪ್ಪ ಫೈಲು, ಎಂಆರ್‌ಐಯಲ್ಲಿ 'ಡಿಸ್ಕ್ ಸ್ವಲ್ಪ ಉಬ್ಬಿದೆ' ಅಂತ ಬರೆದಿತ್ತು, ಡಿಸ್ಕ್ ಅಂದರೆ ಬೆನ್ನೆಲುಬುಗಳ ನಡುವಿನ ಮೆತ್ತೆ. ಯಾರೋ ಓಟ ಬಿಡಿ ಅಂದಿದ್ದಕ್ಕೆ ಬಿಟ್ಟಿದ್ದರು, ಆದರೂ ನೋವು ಹೋಗಿರಲಿಲ್ಲ. ನನ್ನ ಪ್ರಶ್ನೆ ಕೇಳಿದೆ. "ಹೊಸಾದೇನೂ ಇಲ್ರೀ, ಇದ್ದದ್ದನ್ನೂ ಬಿಟ್ಟೀನಿ" ಅಂದರು. ಸೈಕಲ್ಲು? ಇಲ್ಲ. ಹೊಲದ ಕೆಲಸ? ಇಲ್ಲ. ಹೊಸ ಹಾಸಿಗೆ? ಅದೂ ಇಲ್ಲ. ಹೊರಗೆ ಎದ್ದು ಹೊರಟಾಗ ಜೊತೆಗೆ ಬಂದಿದ್ದ ಮಗ, ಏಳೆಂಟು ವರ್ಷದವನು, "ಅಪ್ಪಾ, ಇವತ್ತ ರಾತ್ರಿ ಜಗ್ಗಲಗಿ ಐತೇನ?" ಅಂತ ಕೇಳಿದ! ಜಗ್ಗಲಗಿ ಅಂದರೆ ಹೋಳಿಗೆ ಬಾರಿಸುವ ದೊಡ್ಡ ಚರ್ಮವಾದ್ಯ, ಹೋಳಿ ಹತ್ತಿರ ಬಂದಿತ್ತು. ಮೂರು ವಾರದಿಂದ ರಾತ್ರಿ ಎರಡೆರಡು ತಾಸು, ಗಾಡಿ ಗಾಲಿಯಷ್ಟು ದೊಡ್ಡ ಜಗ್ಗಲಗಿ ಉರುಳಿಸುತ್ತಾ, ಬಗ್ಗಿ, ಬಲಗೈಯಲ್ಲೇ ಬಾರಿಸುತ್ತಿದ್ದರು. "ಮಾಸ್ತರ, ಇದನ್ನ ಯಾಕ ಹೇಳಲಿಲ್ಲ?" ಅಂದರೆ, "ಅದನ್ನೇನ್ ಹೇಳೂದ್ರಿ, ಅದು ಹಬ್ಬರೀ" ಅಂದರು.

ನೋಡಿ, ತಪ್ಪೇ ಮಾಡದ ಓಟಕ್ಕೆ ಶಿಕ್ಷೆ ಕೊಟ್ಟು, ನಿಜವಾದ ಕಳ್ಳನ ಜೊತೆ ದಿನಾ ರಾತ್ರಿ ಕುಣಿಯುತ್ತಿದ್ದರು. ಇನ್ನು ಆ ಡಿಸ್ಕ್ ವಿಷಯ. ನೋವೇ ಇಲ್ಲದವರ ಬೆನ್ನಿನ ಎಂಆರ್‌ಐ ತೆಗೆದರೂ ಅಂಥ ಉಬ್ಬು ಬೇಕಾದಷ್ಟು ಸಿಗುತ್ತದೆ.

ನಡುಬೆನ್ನಿನಲ್ಲಿ 12 ಎಲುಬು, ಅದಕ್ಕೆ ಅಂಟಿಕೊಂಡು 12 ಜೊತೆ ಪಕ್ಕೆಲುಬು. ಮೈ ತಿರುಗುವುದು ಹೆಚ್ಚಾಗಿ ಇಲ್ಲೇ, ಸೊಂಟದ ಎಲುಬು ಬಗ್ಗುತ್ತದೆ, ತಿರುಗುವುದು ಕಡಿಮೆ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೀಲುಗಳು ಅಲ್ಲಾಡುತ್ತವೆ, ಅದಕ್ಕೇ ಅಲ್ಲಿ ಕೆರಳಿದರೆ ಆಕಳಿಸಿದರೂ ಚುಚ್ಚುತ್ತದೆ. ಬಗ್ಗಿ ಒಂದೇ ಕಡೆ ತಿರುಗುವ ಕೆಲಸ ಏಕಾಏಕಿ ಜಾಸ್ತಿಯಾದರೆ ಈ ಕೀಲು, ಸ್ನಾಯು ಕೂಗಿಕೊಳ್ಳುತ್ತವೆ. ಮುರಿದಿದ್ದು ಏನೂ ಇರಲ್ಲ.

ಮಾಸ್ತರರಿಗೆ ಜಗ್ಗಲಗಿ ಬಿಡಿ ಅಂತ ನಾನು ಹೇಳಲಿಲ್ಲ. ಹೋಳಿ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಹಾಗೆ ಹೇಳಿ ಬದುಕುವುದುಂಟೇ? ಎರಡು ತಾಸನ್ನು ಒಂದು ಮಾಡಿ, ನಡುನಡುವೆ ಎದ್ದು ನಿಲ್ಲಿ, ಕೈ ಬದಲಿಸಿ, ಮತ್ತೆ ಓಟ ಶುರು ಮಾಡಿ ಅಂದೆ. ನೋವು ಹತ್ತಕ್ಕೆ ಮೂರರಷ್ಟಿದ್ದು ಮರುದಿನ ಬೆಳಿಗ್ಗೆ ಇಳಿದಿದ್ದರೆ ಮುಂದುವರಿಸಬಹುದು, ಇಳಿಯದಿದ್ದರೆ ಸ್ವಲ್ಪ ಕಡಿಮೆ ಮಾಡಬೇಕು. ಹಾಸಿಗೆ ಹಿಡಿದು ಮಲಗುವುದು ಮಾತ್ರ ಬೇಡ. ಹೋಳಿ ಮುಗಿದು ಎರಡು ವಾರಕ್ಕೆ ಬಂದರು, ಮುಕ್ಕಾಲು ಪಾಲು ನೋವು ಹೋಗಿತ್ತು.

ಚೀಟಿ ಬಂತು, ಐದು ನಿಮಿಷ ಅಂತೆ. ಸೈಕಲ್‌ನವರ ಬಗ್ಗೆ ದೊಡ್ಡದಾಗಿ ಹೇಳಬೇಕಿತ್ತು. ಹ್ಯಾಂಡಲ್ ಹಿಡಿಯಲು ಮೊಣಕೈ ಪೂರ್ತಿ ನೆಟ್ಟಗಾಗುತ್ತಿದ್ದರೆ ಅದನ್ನು ಹತ್ತಿರ ತರಿಸಿಕೊಳ್ಳಿ, ಅಷ್ಟೇ. ಜಿಮ್‌ನವರು ದಂಡ, ಬೆಂಚ್ ಪ್ರೆಸ್ ಅಂತ ಬರೀ ತಳ್ಳುತ್ತೀರಿ. ಗರಡಿಮನೆಯಲ್ಲಿ ಹಗ್ಗ ಹತ್ತುವುದೂ ಇತ್ತು ಅನ್ನುವುದು ಮರೆತಿದ್ದೀರಿ, ಎಳೆಯುವ ಕಸರತ್ತನ್ನೂ ಸೇರಿಸಿ. ಟವೆಲ್ ಸುರುಳಿಯನ್ನು ಬೆನ್ನಿನ ಕೆಳಗೆ ಅಡ್ಡಕ್ಕಿಟ್ಟು ಅಂಗಾತ ಮಲಗುವುದು, ಪಕ್ಕಕ್ಕೆ ಮಲಗಿ ಮೇಲಿನ ಕೈಯನ್ನು ಪುಸ್ತಕ ತೆರೆದಂತೆ ಹಿಂದಕ್ಕೆ ಬಿಚ್ಚುವುದು, ಇವೆರಡನ್ನು ಇಲ್ಲೇ ಮಾಡಿಸುತ್ತೇನೆ.

ಚಾಪೆ ನಾಲ್ಕೇ ಇವೆ. ಮೊದಲು ನೋವಿರುವವರು ಬನ್ನಿ, ಬರುವಾಗ ಆ ಮೂರು ವಾರದ ಲೆಕ್ಕ ನೆನಪು ಮಾಡಿಕೊಂಡೇ ಬನ್ನಿ. ಉಳಿದವರು ಗಿರಮಿಟ್ಟಿಗೆ ಹೋಗಬಹುದು, ನನಗೊಂದು ಪ್ಲೇಟು ತೆಗೆದಿಡಿ, ಮಿರ್ಚಿ ಎರಡಿರಲಿ.