ಮುಂಗೈಯ ಸ್ನಾಯುಗಳು: ಪಠ್ಯದ ಚಿತ್ರ ಮತ್ತು ನಮ್ಮ ಕೈ

ಮಾನ್ಯ ಅಧ್ಯಕ್ಷರೇ, ಮಾಟುಂಗದಿಂದಲೂ ದೂರದ ಡೊಂಬಿವಲಿ, ಠಾಣೆಗಳಿಂದಲೂ ಬಂದು ಸೇರಿರುವ ಕನ್ನಡ ಬಂಧುಗಳೇ,

ದಯವಿಟ್ಟು ಅಂಗೈ ಮೇಲೆ ಮಾಡಿ ಹೆಬ್ಬೆರಳಿನ ತುದಿಯನ್ನು ಕಿರುಬೆರಳಿನ ತುದಿಗೆ ತಾಗಿಸಿ, ಮಣಿಕಟ್ಟನ್ನು ತುಸು ಒಳಕ್ಕೆ ಬಾಗಿಸಿ. ನಡುವೆ ಹುರಿಯಂತೆ ಎದ್ದು ಬರುವುದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ರಜ್ಜು, ಅಂದರೆ ಸ್ನಾಯುವಿನ ತುದಿಯ ಗಟ್ಟಿ ಹುರಿ. ನಿಮ್ಮಲ್ಲಿ ಕೆಲವರಿಗೆ ಅದು ಕಾಣಿಸಲಿಕ್ಕಿಲ್ಲ. ಕೆಲವರಿಗೆ ಒಂದು ಕೈಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಗಾಬರಿಪಡಬೇಕಾಗಿಲ್ಲ, ಅದಿಲ್ಲದವರ ಹಿಡಿತವೇನೂ ಸಡಿಲವಲ್ಲ. ಲೋಕಲ್ ರೈಲಿನ ಹಿಡಿಕೆಯನ್ನು ಅವರೂ ಅಷ್ಟೇ ಗಟ್ಟಿಯಾಗಿ ಹಿಡಿದು ಬಂದಿದ್ದಾರೆ. ಸುಮಾರು ಶೇಕಡಾ 15ರಷ್ಟು ಜನರಲ್ಲಿ ಈ ಸ್ನಾಯು ಇರುವುದಿಲ್ಲವೆಂದು ಪಠ್ಯಪುಸ್ತಕಗಳು ಹೇಳುವುದುಂಟು. ಆದರೆ ಈ ಪ್ರಮಾಣ ಜನಸಮುದಾಯದಿಂದ ಜನಸಮುದಾಯಕ್ಕೆ ಬಹಳ ಬದಲಾಗುತ್ತದೆ, ಪೂರ್ವ ಏಷ್ಯಾದವರಲ್ಲಿ ಸಾಕಷ್ಟು ಕಡಿಮೆ. ಹತ್ತಾರು ಪ್ರಾಂತಗಳ ಜನ ನೆಲೆಸಿರುವ ಮುಂಬಯಿಗೆ ಆ ಒಂದು ಅಂಕಿಯನ್ನು ಕಣ್ಣುಮುಚ್ಚಿ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಇದ್ದರೂ ಇಲ್ಲದಿದ್ದರೂ ನಡೆಯುವ ಈ ಸ್ನಾಯುವಿಗೆ ಶಸ್ತ್ರವೈದ್ಯರು ಮಹತ್ವ ಕೊಡುವುದಕ್ಕೆ ಕಾರಣವಿದೆ. ಬೆರಳಿನ ರಜ್ಜು ತುಂಡಾಗಿ ನೇರವಾಗಿ ಹೊಲಿಯಲು ಬಾರದಿದ್ದಾಗ, ಕಸಿಗಾಗಿ ಅವರು ಮೊದಲು ಹುಡುಕುವುದು ಇದನ್ನೇ: ಉದ್ದವಾಗಿದೆ, ಚರ್ಮದ ಕೆಳಗೇ ಇದೆ, ತೆಗೆದರೆ ಕೈಗೆ ನಷ್ಟವಿಲ್ಲ. ಅಪಾಯವಿರುವುದೂ ಇಲ್ಲಿಯೇ. ಮಣಿಕಟ್ಟಿನಲ್ಲಿ ಈ ರಜ್ಜುವಿನ ಅಡಿಯಲ್ಲಿ, ಸ್ವಲ್ಪ ಹೆಬ್ಬೆರಳಿನ ಕಡೆಗೆ, ಬೆರಳುಗಳಿಗೆ ಸ್ಪರ್ಶಜ್ಞಾನ ಕೊಡುವ ಮೀಡಿಯನ್ ನರ ಸಾಗುತ್ತದೆ. ರಜ್ಜುವೇ ಇಲ್ಲದ ಕೈಯಲ್ಲಿ ಚರ್ಮ ಬಿಡಿಸಿದಾಗ ಎದುರಾಗುವುದು ಆ ನರ; ಅದನ್ನೇ ರಜ್ಜುವೆಂದು ಭ್ರಮಿಸಿ ಕತ್ತರಿಸಿ ತೆಗೆದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ರಜ್ಜು ಬಿಳುಪಾಗಿ ಹೊಳೆಯುತ್ತದೆ, ನರದ ಮೈಮೇಲೆ ಸಣ್ಣ ರಕ್ತನಾಳಗಳು ಹರಿದಿರುತ್ತವೆ ಎಂಬುದನ್ನು ಪ್ರತಿ ವಿದ್ಯಾರ್ಥಿಯೂ ಓದಿರುತ್ತಾನೆ. ಆದರೂ ಅರಿವಳಿಕೆ ಕೊಡುವ ಮುನ್ನ, ನೀವು ಈಗ ಮಾಡಿದ ಪರೀಕ್ಷೆಯನ್ನು ರೋಗಿಯಿಂದ ಮಾಡಿಸುವುದಕ್ಕೆ ಅರೆನಿಮಿಷವೂ ಹಿಡಿಯುವುದಿಲ್ಲ. ಕೆಲವರಲ್ಲಿ ಈ ಸ್ನಾಯು ತಲೆಕೆಳಗಾಗಿ, ಮಾಂಸಲ ಭಾಗ ಮಣಿಕಟ್ಟಿನ ಬಳಿ ಬರುವಂತೆ ಇರುತ್ತದೆ. ಅದು ದಪ್ಪಗಾದರೆ ಅದೇ ನರವನ್ನು ಒತ್ತಿ ಬೆರಳುಗಳಲ್ಲಿ ಜೋಮು ಹಿಡಿಸಬಹುದು.

ಇನ್ನು ನಮ್ಮ ಮನೆಗಳಲ್ಲಿ ಹೆಚ್ಚು ಕಾಣುವ ತೊಂದರೆಗೆ ಬರೋಣ. ಕೂಸನ್ನು ಪದೇ ಪದೇ ಎತ್ತುವ ಬಾಣಂತಿಯರಿಗೆ, ದಿನವಿಡೀ ಕೈ ತಿರುಚಿ ದುಡಿಯುವವರಿಗೆ ಹೆಬ್ಬೆರಳಿನ ಬುಡದ ಬಳಿ, ಮಣಿಕಟ್ಟಿನ ಅಂಚಿನಲ್ಲಿ ನೋವು ಬರುವುದುಂಟು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕರ್ವೇನ್ 1895ರಲ್ಲಿ ಇದನ್ನು ವಿವರಿಸಿದ್ದರಿಂದ ಕಾಯಿಲೆಗೆ ಅವರ ಹೆಸರೇ ನಿಂತಿದೆ. ನೋವು ಬರುವ ಆ ಜಾಗದಲ್ಲಿ ಹೆಬ್ಬೆರಳಿಗೆ ಹೋಗುವ ಎರಡು ರಜ್ಜುಗಳು ಒಂದೇ ಇಕ್ಕಟ್ಟಾದ ಕೊಳವೆಯಲ್ಲಿ ಸಾಗುತ್ತವೆ ಎಂದು ಪಠ್ಯದ ಚಿತ್ರ ತೋರಿಸುತ್ತದೆ. ವಾಸ್ತವದಲ್ಲಿ ಅವುಗಳಲ್ಲಿ ಒಂದಾದ ಅಬ್ಡಕ್ಟರ್ ಪಾಲಿಸಿಸ್ ಲಾಂಗಸ್‌ಗೆ ಎರಡು ಅಥವಾ ಹೆಚ್ಚು ಎಳೆಗಳಿರುವುದೇ ಸಾಮಾನ್ಯ. ಎರಡನೆಯದಾದ ಎಕ್ಸ್‌ಟೆನ್ಸರ್ ಪಾಲಿಸಿಸ್ ಬ್ರೆವಿಸ್, ನಡುವೆ ತೆರೆಯೊಂದು ಬೆಳೆದು, ಅನೇಕರಲ್ಲಿ ತನ್ನದೇ ಪ್ರತ್ಯೇಕ ಕೊಳವೆಯಲ್ಲಿರುತ್ತದೆ. ಹಾಗಿದ್ದಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದು ಒಂದು ಕೊಳವೆಗೆ ಮಾತ್ರ ತಲುಪಿ ನೋವು ಉಳಿದುಬಿಡಬಹುದು, ಶಸ್ತ್ರಕ್ರಿಯೆಯಲ್ಲಿಯೂ ಒಂದನ್ನೇ ತೆರೆದು ಮುಗಿಸುವ ಸಾಧ್ಯತೆಯಿರುತ್ತದೆ. ಮೊದಲ ಚುಚ್ಚುಮದ್ದು ಫಲಿಸದಿದ್ದರೆ ರೋಗಿ ಆರೈಕೆ ಮಾಡಿಕೊಳ್ಳಲಿಲ್ಲವೆಂದು ದೂರುವ ಬದಲು ಅಲ್ಟ್ರಾಸೌಂಡ್‌ನಲ್ಲಿ ಆ ತೆರೆ ಇದೆಯೇ ಎಂದು ನೋಡುವುದು ಲೇಸು.

ಉಳಿದ ವ್ಯತ್ಯಾಸಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಹೆಬ್ಬೆರಳನ್ನು ಅಂಗೈಗೆ ಮಡಿಸಿದಾಗ ತೋರುಬೆರಳಿನ ತುದಿಯೂ ತಾನಾಗಿ ಬಾಗಿದರೆ, ಆ ಎರಡು ಬೆರಳುಗಳ ರಜ್ಜುಗಳ ನಡುವೆ ಒಂದು ಎಳೆ ಬೆಸೆದುಕೊಂಡಿದೆ ಎಂದರ್ಥ. 1979ರಲ್ಲಿ ಲಿನ್‌ಬರ್ಗ್ ಮತ್ತು ಕಾಮ್‌ಸ್ಟಾಕ್ ಎಂಬ ವೈದ್ಯರು ಇದನ್ನು ವರದಿ ಮಾಡಿದರು. ಬಹುಪಾಲು ಜನರಿಗೆ ಇದರ ಅರಿವೂ ಇರುವುದಿಲ್ಲ, ಬೆರಳುಗಳನ್ನು ಬೇರೆಬೇರೆಯಾಗಿ ಆಡಿಸಬೇಕಾದ ವಾದ್ಯಗಾರರಿಗೆ ಮಾತ್ರ ತೊಡಕಾದೀತು.

ಮತ್ತೊಂದು, ಕೈಯ ಹಿಂಬದಿಯಲ್ಲಿ ಕೆಲವರಿಗೆ ಇರುವ ಹೆಚ್ಚುವರಿ ಸಣ್ಣ ಸ್ನಾಯು. ಮೆತ್ತನೆಯ ಉಬ್ಬಾಗಿ ಕಾಣುವ ಅದನ್ನು ನೀರುಗಂಟೆಂದು ತಿಳಿದು ತೆಗೆಸಿಕೊಳ್ಳಲು ಬರುವವರಿದ್ದಾರೆ. ಎದುರೊತ್ತಡದ ವಿರುದ್ಧ ಬೆರಳುಗಳನ್ನು ಚಾಚಿಸಿದಾಗ ಆ ಉಬ್ಬು ಗಟ್ಟಿಯಾದರೆ ಅದು ಸ್ನಾಯುವಿರಬಹುದೆಂದು ಮೊದಲು ಶಂಕಿಸಬೇಕು. ನೋವಿಲ್ಲದಿದ್ದರೆ ಅದಕ್ಕೆ ಯಾವ ಚಿಕಿತ್ಸೆಯೂ ಬೇಕಿಲ್ಲ.